ತೊಳೆಯದ ಎಂಜಿನ್

"ನಾಳೆ ಬನ್ನಿ ಸರ್. ಹೇಗೂ ಆಯುಧಪೂಜೆ. ತೊಳೆಸಿ ಇಟ್ಟಿರುತ್ತೇವೆ" ಎಂದರು ಶೆಡ್ಡಿನ ಮೇಲ್ವಿಚಾರಕರು. ಹೇಳದೆ ಕೇಳದೆ ಬಂದ ನೆಂಟರ ಎದುರು ಹಾಸಿಗೆ ಮಡಿಸದ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುವವರ ಸಂಕೋಚ ಅವರ ದನಿಯಲ್ಲಿತ್ತು.

ನಮ್ಮಿಬ್ಬರ ಮುಂದೆ ನಿಂತಿದ್ದದ್ದು ಹಿಂದಿನ ರಾತ್ರಿಯಷ್ಟೇ ಘಟ್ಟದಿಂದ ಮರಳಿದ್ದ ಡಬ್ಲ್ಯೂಡಿಜಿ-4, ಹುಬ್ಬಳ್ಳಿಯ ಗೂಡ್ಸ್ ಎಂಜಿನ್. ಕಿತ್ತಳೆ ಬಣ್ಣ ಎಲ್ಲಿ ಮುಗಿಯಿತು, ಮಸಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಮೈ. ಮೂತಿಯ ಮೇಲೆ ರಾತ್ರಿಯ ದೀಪಕ್ಕೆ ಬಡಿದು ಸತ್ತ ಹುಳುಗಳ ಕಲೆ. ಪಕ್ಕದ ಬಾಗಿಲುಗಳ ಹಿಡಿಕೆಯ ಸುತ್ತ ಮಾತ್ರ, ದಿನವೂ ಕೈ ತಾಗುವ ಕಡೆ, ಬಣ್ಣ ಬೋಳಾಗಿ ಲೋಹ ಹೊಳೆಯುತ್ತಿತ್ತು. ನಾನು ಬಂದದ್ದೇ ಇದಕ್ಕಾಗಿ. ಆದರೆ "ತೊಳೆಯಬೇಡಿ" ಎಂದು ಹೇಗೆ ಹೇಳುವುದು? ಹಬ್ಬದ ಹಿಂದಿನ ದಿನ ಬೇರೆಯವರ ಮನೆಗೆ ಹೋಗಿ ಕಸ ಗುಡಿಸಬೇಡಿ ಎಂದಂತಾಗುತ್ತದೆ. ತಲೆಯಾಡಿಸಿ, "ಇವತ್ತೂ ಒಂದೆರಡು ತೆಗೆದುಕೊಳ್ಳುತ್ತೇನೆ" ಎಂದಷ್ಟೇ ಹೇಳಿ ಕ್ಯಾಮೆರಾ ಹೊರತೆಗೆದೆ. ಸಂಜೆಯ ಹೊತ್ತಿಗೆ ಆ ಒಂದೆರಡು ಮುನ್ನೂರು ದಾಟಿತ್ತು.

ಆ ಗೇಟಿನೊಳಗೆ ಕಾಲಿಡಲು ನನಗೆ ಏಳು ತಿಂಗಳು ಹಿಡಿದಿತ್ತು. ಒಂದು ಕಚೇರಿಯವರು ಇನ್ನೊಂದಕ್ಕೆ ಹೋಗಿ ಎನ್ನುತ್ತಿದ್ದರು. ಅಲ್ಲಿಗೆ ಹೋದರೆ ಮೊದಲ ಕಚೇರಿಯ ಸಹಿ ಎಲ್ಲಿ ಎಂದು ಕೇಳುತ್ತಿದ್ದರು. "ಯಾವ ಪತ್ರಿಕೆ?" "ಯಾವುದೂ ಅಲ್ಲ." "ಮತ್ತೆ ಏಕೆ?" ಈ ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅರ್ಜಿಯಲ್ಲಿ "ವೈಯಕ್ತಿಕ ಆಸಕ್ತಿ" ಎಂದು ಬರೆದಿದ್ದೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ಈ ಮನುಷ್ಯನ ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂಬಂತೆ ನೋಡಿದರು. ಹಾಗೆಂದು ಬೇಲಿ ಹಾರುವ ಯೋಚನೆ ಎಂದೂ ಬರಲಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಆ ದಿನ ಮಧ್ಯಾಹ್ನ ನನ್ನ ಬೆನ್ನ ಹಿಂದೆಯೇ ಹಾದುಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಬೆಳೆದದ್ದು ಅಳ್ನಾವರದಲ್ಲಿ. ಧಾರವಾಡದಿಂದ ಲೋಂಡಾ ಕಡೆಗೆ ಹೋಗುವಾಗ ಬಯಲು ಮುಗಿದು ಕಾಡು ಶುರುವಾಗುವ ಊರು. ಪ್ರಯಾಣಿಕರ ಗಾಡಿಗಳಿಗೆ ಅಲ್ಲಿ ಹೆಸರಿತ್ತು, ಮರ್ಯಾದೆಯಿತ್ತು. "ಚೆನ್ನಮ್ಮ ಬಂದಳೇ?" ಎಂದು ಯಾರಾದರೂ ಕೇಳಿದರೆ ಅದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ವಿಚಾರ. ಅವಳು ತಡವಾದರೆ ಊರಿಗೆ ಊರೇ ಆತಂಕಪಡುತ್ತಿತ್ತು. ಗೂಡ್ಸ್ ಗಾಡಿಗೆ ಹೆಸರಿಲ್ಲ, ವೇಳಾಪಟ್ಟಿಯಲ್ಲಿ ಸಾಲಿಲ್ಲ, ಹೂವಿನ ಹಾರ ಹಿಡಿದು ಕಾಯುವವರಿಲ್ಲ. ಅದು ಬಂದರೆ ಗೇಟು ಬೀಳುತ್ತದೆ, ಜನ ಸೈಕಲ್ಲಿನಿಂದ ಇಳಿದು ಬೈಯುತ್ತಾರೆ. ನಾನು ಮಾತ್ರ ಡಬ್ಬಿಗಳನ್ನು ಎಣಿಸುತ್ತ ನಿಲ್ಲುತ್ತಿದ್ದೆ. ಐವತ್ತರ ಮೇಲೆ ಲೆಕ್ಕ ತಪ್ಪಿದರೆ ಆ ದಿನ ಮನಸ್ಸಿಗೆ ಸಮಾಧಾನವಿರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ ಮೇಲೆ ಗಾಡಿಗಳು ದಪ್ಪವಾದವು, ಸದ್ದು ದಪ್ಪವಾಯಿತು, ದೂಳೂ ದಪ್ಪವಾಯಿತು. ಬಳ್ಳಾರಿ, ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಮೊರ್ಮುಗೋವಾ ಬಂದರಿಗೆ ಇದೇ ದಾರಿಯಲ್ಲಿ ಹೋಗುತ್ತಿತ್ತು. ಹಳಿಯ ಪಕ್ಕದ ಮನೆಯವರು ಬೆಳಿಗ್ಗೆ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. "ನಮ್ಮ ಓಣಿಯಲ್ಲಿ ಸನ್ಯಾಸ ಪಡೆಯಲು ಮಠಕ್ಕೆ ಹೋಗಬೇಕಿಲ್ಲ" ಎಂದು ಅಪ್ಪ ನಗುತ್ತಿದ್ದರು. ಒಗೆಯುತ್ತಿದ್ದ ಅಮ್ಮ ನಗುತ್ತಿರಲಿಲ್ಲ.

2006ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡಾಗಿನಿಂದ ತೆಗೆದ ಎಂಜಿನ್ ಚಿತ್ರಗಳು ನನ್ನ ಹಾರ್ಡ್ ಡಿಸ್ಕಿನಲ್ಲಿವೆ. ದಿನಾಂಕ ನೋಡದೆಯೇ ಅವುಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಬಲ್ಲೆ. ಮೊದಲ ನಾಲ್ಕು ವರ್ಷದವು ಕೆಂಪು. ಬೋಗಿ ಎಂದು ಕರೆಯುವ ಚಕ್ರಗಳ ಚೌಕಟ್ಟು, ಮೆಟ್ಟಿಲು, ಕಿಟಕಿಯ ಅಂಚು ಎಲ್ಲವೂ ಇಟ್ಟಿಗೆ ಪುಡಿ ಎರಚಿದಂತೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನನ್ನ ಚಿತ್ರಗಳಲ್ಲಿ ಕೆಂಪು ತೆಳುವಾಗುತ್ತ ಬಂದು, ಒಂದು ಮಳೆಗಾಲ ತೊಳೆದಂತಾಗಿ, ಮುಂದೆ ಕಪ್ಪು ಏರತೊಡಗುತ್ತದೆ. ಅದು ಕಲ್ಲಿದ್ದಲು. ಬಂದರಿನಲ್ಲಿ ಹಡಗಿನಿಂದ ಇಳಿದು ಘಟ್ಟ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಹೋಗುವ ಕಲ್ಲಿದ್ದಲು. ಆ ವರ್ಷಗಳ ಪತ್ರಿಕೆಗಳ ತುಂಬ ಗಣಿ, ಲೋಕಾಯುಕ್ತ ವರದಿ, ಪಾದಯಾತ್ರೆ. ನಾನು ಅವುಗಳಲ್ಲಿ ಒಂದನ್ನೂ ಕತ್ತರಿಸಿ ಇಟ್ಟುಕೊಂಡಿಲ್ಲ. ಎಂಜಿನ್ನಿನ ಮೆಟ್ಟಿಲ ಮೇಲೆ ಕೂತ ದೂಳು ಮಾತ್ರ ನನ್ನ ಬಳಿ ಉಳಿದಿದೆ.

ಇದು ಮೊದಲೇ ಗೊತ್ತಿದ್ದು ತೆಗೆದದ್ದೇನಲ್ಲ. ಆಗೆಲ್ಲ ನನಗೂ ದೂಳು ಎಂದರೆ ಅಡ್ಡಿಯೇ. ಹೊಸದಾಗಿ ಬಣ್ಣ ಬಳಿದ ಎಂಜಿನ್ ಬಂದರೆ ಹಿಗ್ಗುತ್ತಿದ್ದೆ. ಈಗ ನೋಡಿದರೆ ಆ ಹೊಸ ಬಣ್ಣದ ಚಿತ್ರಗಳೇ ಎಲ್ಲಕ್ಕಿಂತ ಬಡವಾಗಿವೆ. ಯಾವ ವರ್ಷದ್ದು, ಯಾವ ದಾರಿಯದ್ದು, ಒಂದೂ ತಿಳಿಯುವುದಿಲ್ಲ.

ಹುಬ್ಬಳ್ಳಿ ಶೆಡ್ಡಿಗೂ ಈ ಎಂಜಿನ್‌ಗಳಿಗೂ ಹಳೆಯ ನಂಟು. ಡಬ್ಲ್ಯೂ ಎಂದರೆ ಬ್ರಾಡ್ ಗೇಜ್, ಡಿ ಎಂದರೆ ಡೀಸೆಲ್, ಜಿ ಎಂದರೆ ಗೂಡ್ಸ್, ನಾಲ್ಕು ಎಂದರೆ ನಾಲ್ಕು ಸಾವಿರ ಅಶ್ವಶಕ್ತಿ. 1999ರಲ್ಲಿ ಅಮೆರಿಕದಿಂದ ಬಂದ ಮೊದಲ ತಂಡ, 12001ರಿಂದ ಶುರುವಾಗುವ ಸಂಖ್ಯೆಯವು, ನೆಲೆ ನಿಂತದ್ದು ಇಲ್ಲೇ. ಮುಂದೆ 2002ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದವು. ತಯಾರಕರು ಜನರಲ್ ಮೋಟಾರ್ಸ್‌ನವರಾಗಿದ್ದರಿಂದ ಹಳೆಯ ಕೆಲಸಗಾರರು ಈಗಲೂ "ಜಿಎಂ" ಎನ್ನುತ್ತಾರೆ. ಹೊಸಬರಿಗೆ ಅದು "ಎಚ್‌ಎಚ್‌ಪಿ", ಅಂದರೆ ಹೈ ಹಾರ್ಸ್ ಪವರ್. ಅದಕ್ಕೆ ಮೊದಲು ದೇಶವೆಲ್ಲ ಆಳಿದ್ದು ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಎಂಜಿನ್‌ಗಳು. ಅವು ನಿಂತಲ್ಲೇ ಗುಡುಗುಡು ಎಂದು ಉಸಿರಾಡುತ್ತವೆ, ಹೊರಡುವಾಗ ಆಕಾಶಕ್ಕೆ ಕರಿ ಹೊಗೆ ಉಗುಳುತ್ತವೆ. ಚಿತ್ರಕ್ಕೆ ಆ ಹೊಗೆಯೇ ಚೆಂದ ಎಂದು ಸಾಯುವ ಗೆಳೆಯರು ನನಗಿದ್ದಾರೆ. ಅವರ ಪಾಲಿಗೆ ಜಿಎಂ ಎಂದರೆ ಕಾರ್ಖಾನೆಯ ಜನರೇಟರ್. ಎರಡು ಸ್ಟ್ರೋಕಿನ, ಹದಿನಾರು ಸಿಲಿಂಡರಿನ, ಏರಿಳಿತವೇ ಇಲ್ಲದ ಗುಂಯ್‌ಗಾಟ. ಇರಬಹುದು. ನನಗೆ ಮಾತ್ರ ಬಾಲ್ಯದ ಕೊನೆಯ ರಾತ್ರಿಗಳಲ್ಲಿ ಕಾಡಿನ ಕಡೆಯಿಂದ ಬರುತ್ತಿದ್ದದ್ದು ಅದೇ ಗುಂಯ್‌ಗಾಟ.

ಇಷ್ಟು ಶಕ್ತಿಯ ಎಂಜಿನ್ ಇಲ್ಲಿಗೆ ಏಕೆ ಬೇಕು ಎಂಬುದಕ್ಕೆ ಘಟ್ಟವನ್ನು ನೋಡಬೇಕು. ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿಲೋಮೀಟರ್, ಪ್ರತಿ 37 ಮೀಟರಿಗೆ ಒಂದು ಮೀಟರ್ ಇಳಿಜಾರು. ರಸ್ತೆಯ ಮೇಲೆ ಇದು ಏನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ, ಅದರಲ್ಲೂ ಜುಲೈ ತಿಂಗಳ ಮಳೆಯಲ್ಲಿ, ಇದು ಗೋಡೆ ಹತ್ತಿದಂತೆ. ಕಲ್ಲಿದ್ದಲು ತುಂಬಿದ ಗಾಡಿಗೆ ಮುಂದೆಯೂ ಎಂಜಿನ್, ಹಿಂದೆಯೂ ಎಂಜಿನ್. ಹಿಂದಿನಿಂದ ನೂಕುವುದಕ್ಕೆ ಬ್ಯಾಂಕರ್ ಎನ್ನುತ್ತಾರೆ. ಚಕ್ರ ಜಾರಿದರೆ ಹಳಿಯ ಮೇಲೆ ಮರಳು ಉದುರಿಸಬೇಕು, ಅದಕ್ಕಾಗಿ ಎಂಜಿನ್ನಿನ ಮೂಲೆಗಳಲ್ಲಿ ಮರಳಿನ ಪೆಟ್ಟಿಗೆಗಳಿವೆ. ಇಳಿಯುವಾಗ ಇನ್ನೊಂದು ಪಾಡು. ಬರೀ ಬ್ರೇಕ್ ಹಿಡಿದು ಕೂತರೆ ಬ್ರೇಕ್ ಬ್ಲಾಕ್‌ಗಳು ಕಾದು ಸುಟ್ಟುಹೋಗುತ್ತವೆ. ಹಾಗಾಗಿ ಚಕ್ರ ತಿರುಗಿಸುವ ಮೋಟಾರುಗಳನ್ನೇ ಜನರೇಟರಿನಂತೆ ಓಡಿಸಿ, ಹುಟ್ಟಿದ ವಿದ್ಯುತ್ತನ್ನು ರೋಧಕಗಳಲ್ಲಿ ಶಾಖವಾಗಿ ಗಾಳಿಗೆ ಬಿಡುತ್ತಾರೆ. ದೂಧಸಾಗರ ಜಲಪಾತದ ಮುಂದಿನ ಸೇತುವೆಯ ಮೇಲೆ ರೈಲು ನಿಂತ ಚಿತ್ರವನ್ನು ನೀವು ನೂರು ಸಲ ನೋಡಿರುತ್ತೀರಿ. ನಾನು ಸಾವಿರ ಸಲ ನೋಡಿದ್ದೇನೆ, ಸಾಕಾಗಿದೆ. ಆ ಚಿತ್ರದಲ್ಲಿ ನೀರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಭಾರವಿಲ್ಲ.

ಶೆಡ್ಡಿನಲ್ಲಿ ಆ ಭಾರ ಕಾಣುತ್ತದೆ. ಘಟ್ಟದ ತಿರುವುಗಳು ಚಕ್ರದ ಅಂಚನ್ನು ಹೇಗೆ ತಿಂದಿವೆ ಎಂದು ಒಬ್ಬ ಫಿಟ್ಟರ್ ಅಳತೆಪಟ್ಟಿ ಹಿಡಿದು ತೋರಿಸಿದರು. ಸವೆದ ಚಕ್ರಗಳನ್ನು ಬಿಚ್ಚದೆಯೇ ನೆಲದೊಳಗಿನ ಲೇತ್ ಯಂತ್ರದ ಮೇಲೆ ತಿರುಗಿಸಿ ಮತ್ತೆ ಆಕಾರಕ್ಕೆ ತರುತ್ತಾರೆ. ತೆಂಗಿನಕಾಯಿ ತುರಿಯಂತೆ ಪುಡಿ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದದ್ದು ಚಕ್ಕುಲಿಯಂತೆ ಸುತ್ತಿಕೊಂಡ ಉಕ್ಕಿನ ಸಿಪ್ಪೆ, ಬಿಸಿಗೆ ನೀಲಿ ತಿರುಗಿದ್ದು. ಒಂದನ್ನು ಎತ್ತಿಕೊಳ್ಳಲು ಬಗ್ಗಿದೆ. "ಕೈ ಕುಯ್ಯುತ್ತದೆ ಸರ್" ಎಂದು ಅವರು ಕಾಟನ್ ವೇಸ್ಟಿನಲ್ಲಿ ಸುತ್ತಿ ಕೊಟ್ಟರು. ಅದು ಈಗಲೂ ನನ್ನ ಮೇಜಿನ ಮೇಲಿದೆ, ತುಕ್ಕು ಹಿಡಿದು ನೀಲಿ ಹೋಗಿದೆ.

ಬೆಳಕಿನ ವಿಚಾರ ಹೇಳದಿದ್ದರೆ ಕ್ಯಾಮೆರಾ ಹಿಡಿದ ಓದುಗರು ಬಿಡುವುದಿಲ್ಲ. ಗೂಡ್ಸ್ ಎಂಜಿನ್ನಿನ ತೊಂದರೆ ಎಂದರೆ ಅದರ ಕಥೆಯೆಲ್ಲ ಕೆಳಗಿದೆ, ಬೆಳಕೆಲ್ಲ ಮೇಲಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಚಾವಣಿ ಹೊಳೆಯುತ್ತದೆ, ಬೋಗಿ ಕತ್ತಲಲ್ಲಿ ಮುಳುಗುತ್ತದೆ. ಹೊರಗಿನ ಹಳಿಯ ಮೇಲಾದರೆ ಜಲ್ಲಿಕಲ್ಲು ಬೆಳಕನ್ನು ಕೆಳಗಿನಿಂದ ಎಸೆದು ಸ್ವಲ್ಪ ಕಾಪಾಡುತ್ತದೆ. ಶೆಡ್ಡಿನೊಳಗೆ ವರ್ಷಗಟ್ಟಲೆ ಎಣ್ಣೆ ಕುಡಿದ ಕರಿ ನೆಲ, ಅದು ಏನನ್ನೂ ಹಿಂದಿರುಗಿಸುವುದಿಲ್ಲ. ಕ್ಯಾಮೆರಾ ಬೇರೆ ಕಪ್ಪನ್ನು ಕಂಡರೆ ಬೂದು ಮಾಡಲು ಹವಣಿಸುತ್ತದೆ. ಅದರ ಮಾತು ಕೇಳಿದರೆ ಕಲ್ಲಿದ್ದಲ ಮಸಿ ಸಿಮೆಂಟಿನಂತೆ ಕಾಣುತ್ತದೆ. ಒಂದು ಹೆಜ್ಜೆ ಕಡಿಮೆ ಬೆಳಕಿಗೆ ಇಳಿಸಿ, ಮೋಡ ಬರುವವರೆಗೆ ಕಾಯುವುದೇ ದಾರಿ. ಮೋಡದ ದಿನ ಗೂಡ್ಸ್ ಎಂಜಿನ್‌ಗೆ ಒಳ್ಳೆಯ ದಿನ. ಉಳಿದದ್ದನ್ನೆಲ್ಲ ಮಂಡಿಯೂರಿ ಕಲಿಯಬೇಕು. ನಾನು ಮೂತಿಯ ಎದುರು ಬಹಳ ಹೊತ್ತು ನಿಂತದ್ದನ್ನು ನೋಡಿ ಆ ಫಿಟ್ಟರೇ ಹೇಳಿದ್ದು: "ಮುಖ ಏಕೆ ತೆಗೆಯುತ್ತೀರಿ ಸರ್? ಕೆಲಸವೆಲ್ಲ ಕೆಳಗಿದೆ."

ಹಾಗೆ ಮಂಡಿಯೂರಿದ್ದಾಗಲೇ ಅದು ನಡೆದದ್ದು. ಡೀಸೆಲ್ ಎಂಜಿನ್ ಸದ್ದಿಲ್ಲದೆ ಬರುವುದಿಲ್ಲ ಎಂದು ನಾನು ನಂಬಿದ್ದೆ. ಒಂದು ಎಂಜಿನ್ ಇಡೀ ಶೆಡ್ಡನ್ನು ನಡುಗಿಸುತ್ತ ನಿಂತಿರುವಾಗ ಇನ್ನೊಂದರ ಸದ್ದು ಕಿವಿಗೆ ಬೀಳುವುದೇ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನಿಂತುಹೋದ ಎಂಜಿನ್ನಿಗಂತೂ ಸದ್ದೇ ಇಲ್ಲ. ಎರಡು ಸತ್ತ ಎಂಜಿನ್‌ಗಳನ್ನು ಆಚೆ ತುದಿಯಿಂದ ಮತ್ತೊಂದು ನೂಕುತ್ತಿತ್ತು. ನಾನು ಸರಿಯಾದ ಕೋನಕ್ಕಾಗಿ ಹಿಂದೆ ಹಿಂದೆ ಸರಿಯುತ್ತಿದ್ದೆ. ಯಾರೋ ಅಂಗಿಯ ಬೆನ್ನು ಹಿಡಿದು ಪಕ್ಕಕ್ಕೆ ಎಳೆದರು. ತಿರುಗಿ ನೋಡಿದರೆ 126 ಟನ್ ಕಬ್ಬಿಣ, ನಡೆಯುವ ಮನುಷ್ಯನ ವೇಗದಲ್ಲಿ, ಒಂದು ಮೊಳ ದೂರದಲ್ಲಿ, ಚಪ್ಪಲಿ ಬಿಟ್ಟು ದೇವರ ಮನೆಗೆ ಹೋಗುವವರಂತೆ ಹಾದುಹೋಯಿತು. ಎಳೆದ ಹೆಲ್ಪರ್ ಹುಡುಗ ಏನೂ ಆಗದವನಂತೆ ತನ್ನ ಕೆಲಸಕ್ಕೆ ಹೋದ. ಗದರಿದ್ದರೆ ಚೆನ್ನಾಗಿರುತ್ತಿತ್ತು. ಅರ್ಧ ಗಂಟೆ ನನ್ನ ಯಾವ ಚಿತ್ರವೂ ಅಲುಗದೆ ಬರಲಿಲ್ಲ.

ಕೈ ನಿಲ್ಲುವವರೆಗೆ ಒಂದು ಕಟ್ಟೆಯ ಮೇಲೆ ಕೂತಿದ್ದೆ. ಎದುರಿನ ಎಂಜಿನ್ನನ್ನು ಆಗಷ್ಟೇ ನಿಲ್ಲಿಸಿದ್ದರು. ದೊಡ್ಡ ಸದ್ದು ಅಡಗಿದ ಮೇಲೂ ಒಳಗಿನಿಂದ ಒಂದು ಸಣ್ಣ ಗುಂಯ್ ಕೇಳುತ್ತಲೇ ಇತ್ತು, ಮನೆಯವರೆಲ್ಲ ಮಲಗಿದ ಮೇಲೂ ತಿರುಗುವ ಫ್ಯಾನಿನಂತೆ. ಏನನ್ನೋ ಆಫ್ ಮಾಡಲು ಮರೆತಿದ್ದಾರೆ ಎಂದುಕೊಂಡು ಫಿಟ್ಟರಿಗೆ ಹೇಳಿದೆ. ಅವರು ನಕ್ಕರು. ಓಡಿ ಬಂದ ಎಂಜಿನ್ನಿನ ಟರ್ಬೊ, ಸಿಲಿಂಡರುಗಳಿಗೆ ಗಾಳಿ ಒತ್ತುವ ಯಂತ್ರ, ಕೆಂಡದಂತೆ ಕಾದಿರುತ್ತದೆ. ಎಂಜಿನ್ ನಿಂತೊಡನೆ ಅದಕ್ಕೆ ಎಣ್ಣೆ ಹರಿಯುವುದೂ ನಿಂತರೆ ಬೇರಿಂಗ್ ಸುಟ್ಟುಹೋಗುತ್ತದೆ. ಅದಕ್ಕೇ ಪುಟ್ಟದೊಂದು ಪಂಪು ಬ್ಯಾಟರಿಯ ಬಲದಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಎಣ್ಣೆ ಉಣಿಸುತ್ತಲೇ ಇರುತ್ತದೆ. ಆ ಎಣ್ಣೆಯ ಮಾದರಿಯನ್ನು ಸಣ್ಣ ಬಾಟಲಿಗಳಲ್ಲಿ ತೆಗೆದು ಶೆಡ್ಡಿನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದರಲ್ಲಿ ತಾಮ್ರ ಹೆಚ್ಚಿತೋ, ಸೀಸ ಹೆಚ್ಚಿತೋ, ಕಬ್ಬಿಣ ಹೆಚ್ಚಿತೋ ಎಂಬುದರ ಮೇಲೆ ಒಳಗೆ ಯಾವ ಭಾಗ ಸವೆಯುತ್ತಿದೆ ಎಂದು ಬಿಚ್ಚುವ ಮೊದಲೇ ಊಹಿಸುತ್ತಾರೆ. ನಾನು ಹೊರಗಿನ ಕೊಳೆಯನ್ನು ಓದಲು ಬಂದವನು. ಅಲ್ಲಿ ಒಳಗಿನ ಕೊಳೆಯನ್ನು ಓದುವವರು ಸಂಬಳಕ್ಕೆ ಕೂತಿದ್ದರು.

ಸಂಜೆ, ಹೊರಡುವ ಮುನ್ನ, ಆ ಮೊದಲ ಎಂಜಿನ್ನಿನ ಪಕ್ಕದಲ್ಲಿ ನಡೆದೆ. ಗೂಡ್ಸ್ ಎಂಜಿನ್ನಿನ ಮೈ ಒಂದು ದೊಡ್ಡ ಕಪ್ಪು ಹಲಗೆ. ಅಚ್ಚಿನಲ್ಲಿ ಬಳಿದ ಸಂಖ್ಯೆ, ಶೆಡ್ಡಿನ ಹೆಸರು, ಮುಂದಿನ ತಪಾಸಣೆಯ ದಿನಾಂಕ. ಅವುಗಳ ನಡುವೆ, ಮೇಲೆ, ಅಡ್ಡಡ್ಡ ಸೀಮೆಸುಣ್ಣ. ಬಾಣದ ಗುರುತು, ಅಂಕಿಗಳು, ಯಾರೋ ಮಾಡಿದ ಕೂಡುವ ಲೆಕ್ಕ. ಒಂದು ಬಾಗಿಲ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ: "ಇಲ್ಲಿ ನೀರು ಸೋರುತ್ತದೆ. ಮತ್ತೆ." ಆ "ಮತ್ತೆ"ಯ ಕೆಳಗೆ ಎರಡು ಗೆರೆ ಎಳೆದಿದ್ದರು. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ "ಆಯಿತು" ಎಂದು, ಅದರ ಕೆಳಗೆ ಮೊದಲಿನ ಕೈಯಲ್ಲೇ "ನೋಡೋಣ" ಎಂದು. ಬೆಳಕು ಇಳಿಯುತ್ತಿತ್ತು. ನಾಲ್ಕು ಚಿತ್ರ ತೆಗೆದೆ, ಒಂದು ಮಾತ್ರ ಸ್ಪಷ್ಟವಾಗಿ ಬಂತು.

ಮರುದಿನ ಹೋದಾಗ ಎಂಜಿನ್ ಗುರುತು ಸಿಗಲಿಲ್ಲ. ತೊಳೆದು, ಎಣ್ಣೆಯ ಬಟ್ಟೆಯಿಂದ ಒರೆಸಿ, ಮೂತಿಗೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಬಾಳೆಕಂಬ, ದೀಪಗಳ ಕೆಳಗೆ ವಿಭೂತಿ, ಕುಂಕುಮ. ಎಣ್ಣೆಯ ಹೊಳಪಿನಲ್ಲಿ ಶೆಡ್ಡಿನ ಟ್ಯೂಬ್‌ಲೈಟುಗಳೆಲ್ಲ ಮೂಡಿ ಚಿತ್ರ ಹಾಳಾಗುತ್ತಿತ್ತು. ಆದರೆ ಚಕ್ರದ ಕೆಳಗೆ ಇಟ್ಟ ನಿಂಬೆಹಣ್ಣು ಮಾತ್ರ ನನ್ನನ್ನು ಮತ್ತೆ ಮಂಡಿಯೂರಿಸಿತು. ಮೀಟರಿಗಿಂತ ಹೆಚ್ಚು ವ್ಯಾಸದ ಚಕ್ರ, ಅದರ ಜೋಡಿಯ ಮೇಲೆ 21 ಟನ್, ಮುಂದೆ ಆ ಪುಟ್ಟ ಹಳದಿ. ಮಂಗಳಾರತಿಯಾದ ಮೇಲೆ ಲೋಕೋ ಪೈಲಟ್ ಶಕ್ತಿಯ ಹಿಡಿಯನ್ನು ಒಂದು ನಾಚ್, ಅಂದರೆ ಒಂದು ಹಂತ, ಏರಿಸಿದರು. ನಿಂಬೆಹಣ್ಣು ಸದ್ದೇ ಮಾಡಲಿಲ್ಲ. ಹಳಿಯ ಮೇಲೆ ಒಂದು ಒದ್ದೆ ಗುರುತು, ಗಾಳಿಯಲ್ಲಿ ಒಂದು ಕ್ಷಣ ಡೀಸೆಲ್ ವಾಸನೆಯನ್ನು ಸೀಳಿದ ನಿಂಬೆಯ ವಾಸನೆ. ಆಮೇಲೆ ಎಲ್ಲರೂ ಎಂಜಿನ್ ಮುಂದೆ ಸಾಲಾಗಿ ನಿಂತರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಅಂಗಿ ಹಿಡಿದು ಎಳೆದ ಹುಡುಗ ಕೊನೆಯಲ್ಲಿ. ಆ ಚಿತ್ರ ತೆಗೆಯುವಾಗ ಬೆಳಕು, ಕೋನ, ಹೊಳಪು ಎಂದು ಗೊಣಗಲು ನನಗೆ ಮುಖವಿರಲಿಲ್ಲ.

ಇದೆಲ್ಲ 2018ರ ಮಾತು. ಈಗ ಹುಬ್ಬಳ್ಳಿಯ ಹಳಿಗಳ ಮೇಲೆ ವಿದ್ಯುತ್ ತಂತಿ ಬಂದಿದೆ. ಚಿತ್ರದಲ್ಲಿ ಆಕಾಶ ಮೊದಲಿನಷ್ಟು ಖಾಲಿ ಸಿಗುವುದಿಲ್ಲ. ದೇಶದ ಡೀಸೆಲ್ ಶೆಡ್ಡುಗಳಿಗೆ ವಿದ್ಯುತ್ ಎಂಜಿನ್‌ಗಳು ಬಂದು ನಿಲ್ಲತೊಡಗಿವೆ. ಇದರಲ್ಲಿ ಅಳುವುದಕ್ಕೇನಿದೆ? ಒಂದೊಂದು ಎಂಜಿನ್ನಿನ ಹೊಟ್ಟೆಗೆ ಸುಮಾರು ಆರು ಸಾವಿರ ಲೀಟರ್ ಡೀಸೆಲ್ ತುಂಬಿಸುತ್ತಿದ್ದದ್ದನ್ನು ಕಣ್ಣಾರೆ ಕಂಡವನು ನಾನು.

ಕಳೆದ ವರ್ಷ ಆ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಕೊಡಲು ಹೋಗಿದ್ದೆ. ಈ ಸಲ ಅನುಮತಿ ಬೇಗ ಸಿಕ್ಕಿತು, ಕಾಲು ಗಂಟೆಗೆ ಮಾತ್ರ. ಆಯುಧಪೂಜೆಯ ಚಿತ್ರ ಕಚೇರಿಯ ಗೋಡೆಯಲ್ಲಿ ಆಗಲೇ ಇತ್ತು, ನಾನು ಅಂದೇ ಕಳಿಸಿದ್ದು, ಚೌಕಟ್ಟಿಗೆ ಪ್ಲಾಸ್ಟಿಕ್ ಹೂವಿನ ಹಾರ ಸಮೇತ. ಹಿಂದಿನ ಮೇಲ್ವಿಚಾರಕರು ನಿವೃತ್ತರಾಗಿದ್ದರು. ಹೊಸಬರು ನನ್ನ ಕೊಳಕು ಎಂಜಿನ್ ಚಿತ್ರಗಳನ್ನು ಒಂದೊಂದಾಗಿ ತಿರುವಿ, "ಇವು ತೊಳೆಯುವ ಮುಂಚಿನವು" ಎಂದು ಪಕ್ಕಕ್ಕೆ ಇಟ್ಟರು.

ಚಹಾ ತಂದ ವ್ಯಕ್ತಿಯನ್ನು ಮೊದಲು ಗುರುತಿಸಲಿಲ್ಲ. ಅಂದು ಅಂಗಿ ಎಳೆದ ಹುಡುಗ, ಈಗ ಫಿಟ್ಟರ್, ಸ್ವಲ್ಪ ಹೊಟ್ಟೆ ಬಂದಿದೆ. ಲೋಟಗಳನ್ನು ಇಟ್ಟು ಅದೇ ಕಟ್ಟನ್ನು ಕೈಗೆ ತೆಗೆದುಕೊಂಡ. ಸೀಮೆಸುಣ್ಣದ ಬಾಗಿಲು ಬಂದಾಗ ನಿಂತ. ಕಿಟಕಿಯ ಹತ್ತಿರ ಒಯ್ದು ನೋಡಿದ.

"ಇದು ನಮ್ಮ ಯಜಮಾನರ ಅಕ್ಷರ ಸರ್. ನನಗೆ ಕೆಲಸ ಕಲಿಸಿದವರು. ಮೊನ್ನೆ ಮಾರ್ಚ್‌ನಲ್ಲಿ ತೀರಿಕೊಂಡರು."

"ಈ 'ಆಯಿತು' ಬರೆದದ್ದು ಯಾರು?" ಎಂದು ಕೇಳಿದೆ.

ಅವನು ಉತ್ತರ ಕೊಡಲಿಲ್ಲ. ಮೊಬೈಲ್ ತೆಗೆದು ಆ ಬಾಗಿಲಿನಷ್ಟನ್ನೇ, "ನೋಡೋಣ" ಎಂಬಲ್ಲಿಯವರೆಗೆ, ಚಿತ್ರ ಹಿಡಿದುಕೊಂಡ.